ನನ್ನ ಜಾಗದಲ್ಲಿ ನನ್ನ ಹೆಂಡತಿ

ಹಳಿಯಾಳದ ಕೋರ್ಟಿನಲ್ಲಿ ನಾನು ಸ್ಟೆನೋ, ನನ್ನ ಹೆಂಡತಿ ಟೈಪಿಸ್ಟ್. ಮನೆ ದಾಂಡೇಲಿಯಲ್ಲಿ. ಮುಂಜಾನೆ ಒಂದೇ ಬಸ್ಸು ಹತ್ತುತ್ತಿದ್ದೆವು, ಸಂಜೆ ಒಂದೇ ಬಸ್ಸಿಗೆ ಮರಳುತ್ತಿದ್ದೆವು. ಕಂಡಕ್ಟರುಗಳಿಗೆಲ್ಲ ನಾವು ‘ಕೋರ್ಟಿನ ಜೋಡಿ’. ಹೀಗೆ ಕರೆಸಿಕೊಳ್ಳುವುದು ನನಗೆ ಇಷ್ಟವಿತ್ತು, ಏಕೆಂದರೆ ಆ ಜೋಡಿಯಲ್ಲಿ ಮುಂದಿದ್ದವನು ನಾನು.

ನಮ್ಮ ಪರಿಚಯವಾದದ್ದು ದಾಂಡೇಲಿಯ ಪೇಟೆಯಲ್ಲಿ, ಒಂದು ಹೊಲಿಗೆ ಅಂಗಡಿಯ ಅಟ್ಟದ ಮೇಲಿದ್ದ ಟೈಪಿಂಗ್ ಕ್ಲಾಸಿನಲ್ಲಿ. ನನ್ನ ಅಪ್ಪ ಧಾರವಾಡ ಕಡೆಯಿಂದ ಪೇಪರ್ ಮಿಲ್ಲಿನ ಕೆಲಸಕ್ಕೆ ಬಂದವನು. ಮಿಲ್ಲಿನ ಭೋಂಗಾ ಕೂಗಿದರೆ ಎದ್ದು, ಮತ್ತೊಂದು ಭೋಂಗಾಕ್ಕೆ ಮನೆಗೆ ಬರುವುದು ಅವನ ಬದುಕಾಗಿತ್ತು. ಮಗ ಕುಳಿತು ಮಾಡುವ ಕೆಲಸ ಹಿಡಿಯಲಿ ಎಂದು ಆ ಕ್ಲಾಸಿಗೆ ಹಾಕಿದ. ಆಕೆ ಸಾಂಬ್ರಾಣಿಯ ಒಕ್ಕಲುತನದ ಮನೆಯವಳು, ದಾಂಡೇಲಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕಲಿಯುತ್ತಿದ್ದಳು. ನಾನು ಶೀಘ್ರಲಿಪಿಯ ದೊಡ್ಡ ಪರೀಕ್ಷೆಗೆ ತಯಾರಾಗುತ್ತಿದ್ದಾಗ ಆಕೆ ಟೈಪ್‌ರೈಟರಿನ ಮೇಲೆ ಬೆರಳಿಡುವುದನ್ನು ಕಲಿಯುತ್ತಿದ್ದಳು. ಮಾಸ್ತರರು ಊಟಕ್ಕೆ ಹೋದಾಗ ಹೊಸಬರನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬರುತ್ತಿತ್ತು. ‘ಕಿರುಬೆರಳಿಗೆ ಕಸುವು ಹಾಕ್ರಿ, ಒತ್ತಕ್ಷರ ಮೂಡವಲ್ತು’ ಎಂದು ಆಕೆಗೆ ಮೊದಲು ಹೇಳಿಕೊಟ್ಟವನು ನಾನು. ಮದುವೆಯಾದ ಮೇಲೂ ಈ ಮಾತನ್ನು ನೆಂಟರೆದುರು ಬಹಳ ಸಲ ಹೇಳಿದ್ದೇನೆ. ಆಕೆ ನಗುತ್ತಿದ್ದಳು.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ಕೋರ್ಟಿನ ಹಾಲಿನಲ್ಲಿ ನನ್ನ ಜಾಗ ಯಾವುದೆಂದು ಹೇಳಬೇಕು. ಮೇಲೆ ಜಡ್ಜ್ ಸಾಹೇಬರ ಪೀಠ, ಬಲಕ್ಕೆ ಸಾಕ್ಷಿಯ ಕಟಕಟೆ, ಅವೆರಡರ ನಡುವೆ ಕೆಳಗೆ ನನ್ನ ಮೇಜು ಮತ್ತು ಕನ್ನಡ ಟೈಪ್‌ರೈಟರು. ಚೇಂಬರಿನಲ್ಲಿ ಕೂತು ತೀರ್ಪು ಬರೆದುಕೊಳ್ಳುವುದು ಸ್ಟೆನೋ ಕೆಲಸ. ಹಾಲಿನಲ್ಲಿ ಸಾಕ್ಷಿಯ ಹೇಳಿಕೆ ಟೈಪು ಮಾಡುವುದು ಟೈಪಿಸ್ಟರ ಕೆಲಸ. ಆದರೆ ನಮ್ಮಲ್ಲಿ ಎರಡೂ ನನ್ನವೇ. ಸಾಕ್ಷಿ ಮಾತಾಡುತ್ತಾನೆ, ಸಾಹೇಬರು ಅದನ್ನು ಬರಹದ ಕನ್ನಡಕ್ಕೆ ತಿರುಗಿಸಿ ಹೇಳುತ್ತಾರೆ, ನಾನು ಬಡಿಯುತ್ತೇನೆ. ಬಡಿಯುವುದು ಎನ್ನುವುದೇ ಸರಿ. ಅಡಿಯ ಕಾರ್ಬನ್ ಪ್ರತಿಯವರೆಗೆ ಅಕ್ಷರ ಇಳಿಯಬೇಕಿತ್ತು. ನನ್ನ ಸಪ್ಪಳ ರಸ್ತೆಯವರೆಗೆ ಕೇಳಿಸುತ್ತಿತ್ತು. ಹೊರಗೆ ಬೇವಿನ ಗಿಡದ ಕೆಳಗೆ ಕೂತ ಕಕ್ಷಿದಾರರು ಆ ಸಪ್ಪಳ ಶುರುವಾದರೆ ‘ಕೇಸು ನಡದೈತಿ’ ಎಂದು ಎದ್ದು ನಿಲ್ಲುತ್ತಿದ್ದರು.

ಜೋಯಿಡಾ ಕಡೆಯ ಸಾಕ್ಷಿ ಬಂದರೆ ನನ್ನ ಬೆಲೆ ಇನ್ನೂ ಏರುತ್ತಿತ್ತು. ಅವರ ಮಾತಿನಲ್ಲಿ ಅರ್ಧ ಕೊಂಕಣಿ, ಉಳಿದರ್ಧ ಮರಾಠಿ ಬೆರೆತ ಕನ್ನಡ. ಸಾಹೇಬರಾದರೋ ಹೆಚ್ಚಾಗಿ ಮೈಸೂರು ಕಡೆಯವರು, ಅವರಿಗೆ ಹಳಿಯಾಳದ ಕನ್ನಡವೇ ತೊಡಕು. ಒಮ್ಮೆ ಒಬ್ಬ ಮುದುಕಿ ‘ಹರ್ಯಾಗ ಅಂವ ನಮ್ಮ ಬೇಲಿ ಕಿತ್ತಾನ್ರಿ’ ಎಂದಾಗ ಸಾಹೇಬರು ನನ್ನತ್ತ ಬಾಗಿ, “ಹರ್ಯಾಗ ಅಂದ್ರೆ ಯಾವ ಜಾಗರೀ?” ಎಂದು ಕೇಳಿದರು.

“ಜಾಗ ಅಲ್ರಿ ಸರ್, ಹೊತ್ತು. ಮುಂಜಾನೆ,” ಎಂದೆ.

ಅವರು ತಲೆಯಾಡಿಸಿ ‘ಬೆಳಿಗ್ಗೆ’ ಎಂದು ಬರೆಸಿದರು. ಹಾಲಿನಲ್ಲಿ ಎಲ್ಲರೆದುರು ಪೀಠದವರು ಕೆಳಗೆ ಬಾಗಿ ನನ್ನನ್ನು ಕೇಳುವ ಆ ಗಳಿಗೆ ಇತ್ತಲ್ಲ, ಅದಕ್ಕಾಗಿ ಬಸ್ಸಿನ ನೂಕುನುಗ್ಗಲು, ಬೆನ್ನುನೋವು ಎಲ್ಲವನ್ನೂ ನಾನು ಸಹಿಸುತ್ತಿದ್ದೆ. ಹೆಂಡತಿ ಆಗ ಹಿಂದಿನ ಕೋಣೆಯಲ್ಲಿ, ನಕಲು ವಿಭಾಗದಲ್ಲಿ, ಹಳೆಯ ತೀರ್ಪುಗಳ ಪ್ರತಿ ತೆಗೆಯುತ್ತಿದ್ದಳು.

ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ ಮೊದಲು, ಅದರ ತರಬೇತಿಯ ಆದೇಶ ಆಮೇಲೆ, ಪೆಟ್ಟಿಗೆ ಎಲ್ಲಕ್ಕಿಂತ ಕೊನೆಗೆ ಬಂದವು. ಸಾಹೇಬರು ನನ್ನನ್ನು ಚೇಂಬರಿಗೆ ಕರೆದು, ಕಾರವಾರಕ್ಕೆ ಹೋಗಿ ಕಲಿತು ಬರಲು ನಾನು ತಯಾರಿದ್ದೇನೆಯೇ ಎಂದು ಕೇಳಿದರು.

“ನಾ ಹೋದ್ರ ಹಾಲಿನ ಕೆಲಸ ನಿಲ್ತೈತ್ರಿ ಸರ್,” ಎಂದೆ.

ಅವರು ‘ಹೌದಲ್ಲ, ನೀವಿಲ್ಲದೆ ಆಗಲ್ಲ’ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಅಂದದ್ದು, “ಸರಿ, ಹಾಗಾದ್ರೆ ನಿಮ್ಮ ಮನೆಯವರನ್ನ ಕಳಿಸೋಣ.”

ಆಕೆ ಬಟ್ಟೆ ಕಟ್ಟಿಕೊಂಡು, ಘಟ್ಟ ಇಳಿಯುವ ಬಸ್ಸು ಹತ್ತಿದಳು. ಕಾರವಾರದಲ್ಲಿ ಉಳಿಯಲು ಆಕೆಯ ಚಿಕ್ಕಮ್ಮನ ಮನೆಯಿತ್ತು. ನಾನು ಬಸ್‌ಸ್ಟ್ಯಾಂಡಿನಿಂದ ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

“ಆಕೀನ ಕಲಿಯಾಕ ಕಳಿಸಿ ನೀ ಮನ್ಯಾಗ ಕುಂತಿ. ಯಾಕಪಾ, ನಿನಗ ಬ್ಯಾಡಾಗಿತ್ತೇನು?”

“ಅದೇನ ದೊಡ್ಡ ವಿದ್ಯಾ ಅಲ್ಲಬೇ. ಟಿವಿಗೆ ಟೈಪ್‌ರೈಟರ್ ಹಚ್ಚಿರ್ತಾರ, ಅಷ್ಟ,” ಎಂದೆ.

ಆಕೆ ಮರಳಿ ಬಂದಾಗ ಕಂಪ್ಯೂಟರನ್ನು ಒಂದು ಸಣ್ಣ ಕೋಣೆಯಲ್ಲಿ ಇಟ್ಟಾಗಿತ್ತು. ಕಿಟಕಿಗೆ ಹೊಸ ಪರದೆ, ನೆಲಕ್ಕೆ ಹಾಸು. ಧೂಳು ಹೋಗಬಾರದೆಂದು ಚಪ್ಪಲಿ ಹೊರಗೆ ಬಿಡಬೇಕೆಂದು ಬರೆದು ಅಂಟಿಸಿದ್ದರು. ನಾನು ಆ ಬಾಗಿಲಿನ ಮುಂದೆ ಹಾದು ಹೋಗುವಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದದ್ದು ಸಾಹೇಬರ ಬೂಟು, ಅದರ ಪಕ್ಕ ನನ್ನ ಹೆಂಡತಿಯ ಚಪ್ಪಲಿ. ಆ ಚಪ್ಪಲಿಯನ್ನು ದಾಂಡೇಲಿಯ ಸಂತೆಯಲ್ಲಿ ಕೊಡಿಸಿದವನೇ ನಾನು. ಒಳಗೆ ಆಕೆಗೆ ತಿರುಗುವ ಕುರ್ಚಿ ಬಂದಿತ್ತು. ಇಷ್ಟು ವರ್ಷ ನಾನು ಕೂತದ್ದು ಬೆತ್ತ ಹರಿದ ಕಟ್ಟಿಗೆಯ ಕುರ್ಚಿಯ ಮೇಲೆ, ಕೆಳಗೆ ಮಡಚಿದ ಗೋಣಿಚೀಲ ಹಾಕಿಕೊಂಡು. ‘ನನಗೂ ಒಂದು ಹೊಸಾ ಕುರ್ಚಿ ಬೇಕ್ರಿ’ ಎಂದು ಶಿರಸ್ತೇದಾರರನ್ನು ಕೇಳಿದೆ. ಅವರು, “ಅದು ಕಂಪ್ಯೂಟರ್ ಸಂಗಡ ಬಂದಿದ್ದು ಕುರ್ಚಿರೀ, ಮನುಷ್ಯಾಗ ಬಂದಿದ್ದಲ್ಲ,” ಎಂದು ಬಿಟ್ಟರು.

ಕೆಲವು ತಿಂಗಳಿಗೆ ಆ ಪೆಟ್ಟಿಗೆ ಹಾಲಿಗೇ ಬಂತು. ನನ್ನ ಮೇಜಿನ ಮೇಲೆ. ನನ್ನ ಟೈಪ್‌ರೈಟರನ್ನು ಜವಾನ ಎತ್ತಿಕೊಂಡು ನಕಲು ವಿಭಾಗಕ್ಕೆ ಹೋದ, ಹಿಂದೆ ನಾನು ಹೋದೆ. ಚೇಂಬರಿನ ತೀರ್ಪಿನ ಕೆಲಸ ನನಗೇ ಉಳಿಯಿತು. ಆದರೆ ಅದು ನಡೆಯುವುದು ಮುಚ್ಚಿದ ಬಾಗಿಲ ಹಿಂದೆ, ಯಾರೂ ನೋಡುವುದಿಲ್ಲ. ಉಳಿದ ಹೊತ್ತು ಹೆಂಡತಿ ಕೂತಿದ್ದ ಕುರ್ಚಿಯಲ್ಲಿ ಕೂತು ಪ್ರತಿ ತೆಗೆಯುವುದು. ಮೇಜಿನ ಖಾನೆ ತೆರೆದರೆ ಆಕೆಯ ಅಡಿಕೆ ಡಬ್ಬಿ, ಎರಡು ಹೇರ್‌ಪಿನ್ನು ಇನ್ನೂ ಅಲ್ಲೇ ಇದ್ದವು.

ಮೊದಲ ದಿನ ತಡೆಯಲಾರದೆ ಹಾಲಿನ ಹಿಂಬಾಗಿಲಲ್ಲಿ ನಿಂತು ನೋಡಿದೆ. ಯಾವುದೋ ಹೊಲದ ಗಡಿಯ ಕೇಸು. ವಕೀಲರಿಗೆ ಸಾಕ್ಷಿಯ ಕಡೆ ಲಕ್ಷ್ಯವೇ ಇಲ್ಲ. ಕರಿಕೋಟಿನ ಗುಂಪು ಹೆಂಡತಿಯ ಬೆನ್ನ ಹಿಂದೆ ನಿಂತು, ಅಕ್ಷರ ಮೂಡುವುದನ್ನು ಬಾಯಿ ಬಿಟ್ಟು ನೋಡುತ್ತಿತ್ತು. ತಪ್ಪಾದ ಶಬ್ದವನ್ನು ಆಕೆ ಅಳಿಸಿದರೆ ಅದು ಎಂದೂ ಇರಲೇ ಇಲ್ಲವೆಂಬಂತೆ ಮಾಯವಾಗುತ್ತಿತ್ತು. ನಾನು ತಪ್ಪು ಹೊಡೆದರೆ ಅದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಸಾಹೇಬರ ಸಹಿ ಹಾಕಿಸಬೇಕಿತ್ತು. ನನ್ನ ಎಲ್ಲ ತಪ್ಪುಗಳೂ ಆ ಕೋರ್ಟಿನ ಕಪಾಟಿನಲ್ಲಿ ಸಹಿ ಸಮೇತ ಕೂತಿವೆ. ಆಕೆಯದು ಒಂದೂ ಸಿಗುವುದಿಲ್ಲ.

ಅದಕ್ಕಿಂತ ಚುಚ್ಚಿದ್ದು ಸಾಹೇಬರ ಮಾತು. ಸಾಕ್ಷಿಯ ಹೇಳಿಕೆ ಮುಗಿದ ಮೇಲೆ ಅವರು ವಕೀಲರತ್ತ ನೋಡಿ, “ಎಷ್ಟು ನಿಶ್ಶಬ್ದ ನೋಡಿ. ಇವತ್ತು ಸಾಕ್ಷಿ ಮಾತು ನನ್ನ ಕಿವಿಗೆ ಬಿತ್ತು,” ಎಂದರು. ಎಲ್ಲರೂ ನಕ್ಕರು. ಹೆಂಡತಿ ಮಾತ್ರ ತಲೆ ಎತ್ತಿ ಹಿಂಬಾಗಿಲ ಕಡೆ ನೋಡಿದಳು. ನಾನು ಅಷ್ಟರಲ್ಲಿ ಪಕ್ಕಕ್ಕೆ ಸರಿದಿದ್ದೆ.

ಆ ಸಂಜೆ ಬಸ್ಸು ತೇಗದ ಪ್ಲಾಂಟೇಶನ್ ದಾಟುತ್ತಿತ್ತು. ಆಗ ಆಕೆ, “ಕಲಿಸ್ತೇನಿ ಬರ್ರಿ. ನಿಮ್ಮ ಬೆರಳಿಗೆ ಅದೇನ ದೊಡ್ಡದಲ್ಲ,” ಎಂದಳು.

“ನನಗ ಕಲಿಸ್ತೀ?”

“ಯಾಕ, ಕಲಿಸಬಾರದೇನು?”

ನಾನು ಕಿಟಕಿಯ ಕಡೆ ತಿರುಗಿದೆ. ಕಿರುಬೆರಳಿಗೆ ಕಸುವು ಹಾಕು ಎಂದು ಹೇಳಿಸಿಕೊಂಡವಳು ಈಗ ನನ್ನ ಬೆರಳಿನ ಬಗ್ಗೆ ಹೇಳುತ್ತಿದ್ದಳು.

ಆ ನಂತರ ನನಗೆ ಇದ್ದ ಒಂದೇ ಆಸೆ ಕರೆಂಟು ಹೋಗಲಿ ಎಂಬುದು. ನಕಲು ವಿಭಾಗದಲ್ಲಿ ಕೂತು ಮೇಲಿನ ಫ್ಯಾನನ್ನು ನೋಡುತ್ತಿದ್ದೆ. ಅದು ನಿಂತರೆ ನನ್ನ ಎದೆ ಹಗುರಾಗುತ್ತಿತ್ತು. ಬಹಳ ಸಲ ನಿಂತಿತು, ಆದರೆ ಹಾಲಿನಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ. ಕೊನೆಗೆ ಒಂದು ಮಳೆಗಾಲದ ಮಧ್ಯಾಹ್ನ, ವಿಚಾರಣೆಯ ನಡುವೆಯೇ ಹೋಯಿತು. ಜವಾನ ಓಡಿ ಬಂದು, “ಸ್ಟೆನೋ ಸಾಹೇಬ್ರ, ಕರೀತಾರ, ಮಶಿನ್ ತಗೊಂಡು ಬರ್ರಿ,” ಎಂದ. ಅವನ ಕೈಗೆ ಕೊಡದೆ ಟೈಪ್‌ರೈಟರನ್ನು ನಾನೇ ಹೊತ್ತುಕೊಂಡು ಹೋದೆ.

ಹೆಂಡತಿ ಬರೆದಿದ್ದ ಕೊನೆಯ ಪುಟ ಮಾಯವಾಗಿತ್ತು. ಆಕೆ ಮುಖ ಸಣ್ಣದು ಮಾಡಿಕೊಂಡು ಪಕ್ಕಕ್ಕೆ ಸರಿದು ಕೂತಳು, ಕೈ ಮಡಿಲಲ್ಲಿ. ನಾನು ಕಾರ್ಬನ್ ಜೋಡಿಸಿದ ಕಾಗದ ಏರಿಸಿ, ರೋಲರ್ ತಿರುಗಿಸಿ, ಸಾಹೇಬರತ್ತ ನೋಡಿದೆ. ಕಟಕಟೆಯಲ್ಲಿದ್ದವಳು ಒಬ್ಬ ಎಳೆಯ ಹೆಂಗಸು. ಜೀವನಾಂಶದ ಕೇಸು. ಗಂಡ ಎದುರಿಗೇ ನಿಂತಿದ್ದ. ಆಕೆ ಏನೋ ಹೇಳಿದಳು, ಸಾಹೇಬರು ಬರೆಸಿದರು, ನಾನು ಬಡಿದೆ. ಎಷ್ಟು ದಿನದ ಹಸಿವು ಅದು! ಕೋರ್ಟ್ ಹಾಲಿನ ತುಂಬ ನನ್ನ ಸಪ್ಪಳ.

ಕಟಕಟೆಯ ಹೆಂಗಸು ಬೆಚ್ಚಿಬಿದ್ದಳು. ಮುಂದಿನ ಪ್ರಶ್ನೆಗೆ ತುಟಿ ಅಲುಗಿತು, ಮಾತು ಕೇಳಿಸಲಿಲ್ಲ. ಸಾಹೇಬರು ಮತ್ತೆ ಕೇಳಿದರು. ಆಕೆ ನನ್ನ ಮಶಿನ್ನನ್ನೇ ನೋಡುತ್ತಿದ್ದಳು, ತಾನು ಬಾಯಿ ತೆರೆದರೆ ಅದು ಮತ್ತೆ ಎಗರಿ ಬೀಳುತ್ತದೆ ಎಂಬಂತೆ. ನಾನು ಮೆಲ್ಲಗೆ ಹೊಡೆದೆ. ಮೆಲ್ಲಗೆ ಹೊಡೆದರೆ ಕಾರ್ಬನ್ನಿಗೆ ಇಳಿಯುವುದಿಲ್ಲ. ಆಕೆ ಅಳತೊಡಗಿದಳು.

“ಇರಲಿ ಬಿಡಿ. ಕರೆಂಟು ಬಂದ ಮೇಲೆ ಮುಂದುವರಿಸೋಣ,” ಎಂದರು ಸಾಹೇಬರು.

ಕರೆಂಟು ಬಂತು. ಆ ಹೆಂಗಸು ಮಾತಾಡಿದಳು, ನಿಂತು ನಿಂತು, ಆದರೆ ಎಲ್ಲವನ್ನೂ. ನನ್ನ ಹೆಂಡತಿಯ ಬೆರಳುಗಳು ಸಪ್ಪಳವಿಲ್ಲದೆ ಅದನ್ನೆಲ್ಲ ಹಿಡಿದವು. ನಾನು ಟೈಪ್‌ರೈಟರ್ ಹೊತ್ತು ಹಿಂದಿನ ಕೋಣೆಗೆ ನಡೆದೆ. ಬರುವಾಗ ಅದು ಅಷ್ಟು ಭಾರ ಇರಲಿಲ್ಲ. ಸ್ವಲ್ಪ ದಿನಕ್ಕೆ ಕರೆಂಟು ಹೋದರೂ ಕಂಪ್ಯೂಟರ್ ನಡೆಯುವಂತೆ ಬ್ಯಾಟರಿ ತಂದು ಕೂಡಿಸಿದರು. ಫ್ಯಾನ್ ನೋಡುವ ಕೆಲಸವೂ ನನಗೆ ಉಳಿಯಲಿಲ್ಲ.

ದಾಂಡೇಲಿಯಲ್ಲಿ ಆಗಷ್ಟೇ ಕಂಪ್ಯೂಟರ್ ಕ್ಲಾಸುಗಳು ಶುರುವಾಗಿದ್ದವು. ರವಿವಾರ ಮೀನು ತರುತ್ತೇನೆಂದು ಚೀಲ ಹಿಡಿದು ಹೋಗಿ ಅಂಥದೊಂದು ಕ್ಲಾಸಿಗೆ ಸೇರಿದೆ. ಸುತ್ತ ಕಾಲೇಜಿನ ಹುಡುಗಿಯರು. ಕಲಿಸುವವನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಅಕ್ಷರಗಳು ನಾನು ಬಿಟ್ಟ ಜಾಗದಲ್ಲಿ ಒಂದೂ ಇರಲಿಲ್ಲ. ಇಷ್ಟು ವರ್ಷ ಕಣ್ಣು ಮುಚ್ಚಿ ಹೋಗುತ್ತಿದ್ದ ಬೆರಳುಗಳು ಪ್ರತಿ ಸಲ ಹಳೆಯ ಮನೆಗೇ ಹೋಗಿ ಬಾಗಿಲು ಬಡಿಯುತ್ತಿದ್ದವು.

“ಸರ್, ಸಾವಕಾಶ ಹೊಡೀರಿ. ಕೀಬೋರ್ಡ್ ಮುರೀತೈತಿ,” ಎಂದ ಅವನು.

ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಆದರೂ ಹೋಗುವುದು ಬಿಡಲಿಲ್ಲ. ಎಂದಾದರೊಂದು ದಿನ ಹಾಲಿಗೆ ಹೋಗಿ, ‘ಏಳು, ನಾ ಮಾಡ್ತೇನಿ’ ಎಂದು ಹೆಂಡತಿಗೆ ಹೇಳಿ, ಎಲ್ಲರೆದುರು ಆ ಕುರ್ಚಿಯಲ್ಲಿ ಕೂರುವುದನ್ನು ಮನಸ್ಸಿನಲ್ಲೇ ಬಹಳ ಸಲ ನಡೆಸಿದೆ.

ಒಂದು ಸಂಜೆ ಬಸ್ಸಿನಲ್ಲಿ ಆಕೆ ನನ್ನ ಕೈ ನೋಡುತ್ತ ಕೂತಿದ್ದಳು. ಟೈಪಿಸ್ಟರ ಬೆರಳು ಸುಮ್ಮನಿರುವುದಿಲ್ಲ. ಕಂಡಕ್ಟರ್ ಕೂಗಿದ ಊರಿನ ಹೆಸರನ್ನೂ ತೊಡೆಯ ಮೇಲಿನ ಚೀಲದ ಮೇಲೆ ಹೊಡೆಯುತ್ತಿರುತ್ತದೆ.

“ಇದು ಹಳೇ ಮಶಿನ್ನಿನ ಅಕ್ಷರ ಅಲ್ಲಲ್ರೀ,” ಎಂದಳು ಮೆಲ್ಲಗೆ. “ಎಲ್ಲಿ ಕಲ್ತ್ರಿ?”

ಸಿಕ್ಕಿಬಿದ್ದವನ ಹಾಗೆ ಕೈ ಮುಚ್ಚಿದೆ. ಆಕೆ ನಗಲಿಲ್ಲ. “ಮೀನು ತರಾಕ ಅಷ್ಟು ಹೊತ್ತು ಯಾಕ ಬೇಕಂತ ಅತ್ತಿ ಕೇಳ್ತಿದ್ರು. ನಾ ಏನೇನೋ ಹೇಳೀನಿ,” ಎಂದು ಹೊರಗೆ ನೋಡತೊಡಗಿದಳು. ನಾನು ಹಾಲಿನಲ್ಲಿ ಆಕೆಯ ಕುರ್ಚಿಯಲ್ಲಿ ಕೂರುವ ದಿನ ಬರಲಿಲ್ಲ. ಕಲಿತೆ, ಆದರೆ ಆಕೆಯ ವೇಗ ನನಗೆ ಬರಲಿಲ್ಲ. ಶೀಘ್ರಲಿಪಿಯಲ್ಲಿ ಯಾರ ಮಾತನ್ನೂ ಹಿಂದೆ ಬಿಡದಿದ್ದವನು ಇಲ್ಲಿ ಒಂದೊಂದು ಅಕ್ಷರ ಹುಡುಕಿ ಹೊಡೆಯುತ್ತಿದ್ದೆ.

ಕೆಲವು ವರ್ಷ ಹೀಗೆಯೇ ಕಳೆದವು. ಆಮೇಲೆ ಹೊಸ ಸಾಹೇಬರು ಬಂದರು. ಎಳೆಯರು, ಜೊತೆಗೆ ಲ್ಯಾಪ್‌ಟಾಪ್. ಮೊದಲ ವಾರವೇ ಅವರು ಹಾಲಿನಲ್ಲಿ ಸಾಕ್ಷಿಯ ಹೇಳಿಕೆಯನ್ನು ತಾವೇ ಟೈಪು ಮಾಡತೊಡಗಿದರು. ನನ್ನ ಹೆಂಡತಿಗೆ ಉಳಿದದ್ದು, ಅವರು ಕೊಟ್ಟದ್ದನ್ನು ಪ್ರಿಂಟ್ ತೆಗೆದು, ಪಿನ್ನು ಹೊಡೆದು, ಸಹಿಗೆ ಇಡುವುದು.

ಆ ಸಂಜೆ ಬಸ್ ಹೊರಡುವ ಮೊದಲೇ ಆಕೆ ಶುರು ಮಾಡಿದಳು. “ಎರಡ ಬಟ್ಟಿನ್ಯಾಗ ಹೊಡೀತಾರ್ರಿ ಅವರು. ಹತ್ತು ಬೆರಳಿದ್ದು ಎರಡ ಬಟ್ಟು! ಒಂದು ಸಾಲಿಗೆ ಎಷ್ಟು ಹೊತ್ತು. ಸಾಕ್ಷಿ ನಿಂತು ನಿಂತು ಆಕಳಿಸಾಕತ್ತಿದ್ದ. ನನ್ನ ಕಡೆ ಒಮ್ಮೆನೂ ನೋಡಲಿಲ್ಲ.”

ಹೇಳಲೇಬೇಕು, ನನಗೆ ಬಹಳ ಸಂತೋಷವಾಯಿತು. ಆಕೆಯ ಮುಖದಲ್ಲಿ ನಾನು ಕಂಡದ್ದು ನನ್ನದೇ ಮುಖ, ಹಿಂಬಾಗಿಲಲ್ಲಿ ನಿಂತಿದ್ದಾಗಿನದು. ಸಂತೋಷ ದಾರಿಯ ಅರ್ಧದವರೆಗೆ ಬಾಳಿತು. ಆಮೇಲೆ ಆಕೆ ಕಣ್ಣೊರೆಸಿಕೊಂಡಳು. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೂ ಒಂದೇ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುತ್ತ ದಾಂಡೇಲಿಯಲ್ಲಿ ಇಳಿದೆವು. ಮನೆಗೆ ಹೋಗುವ ಮುನ್ನ ಸರ್ಕಲ್ಲಿನ ಅಂಗಡಿಯಲ್ಲಿ ಮಿರ್ಚಿ ಭಜಿ ತಿಂದೆವು. ಎರಡು ಬಟ್ಟಿನವರ ಬಗ್ಗೆ ಆಕೆ ಮತ್ತಷ್ಟು ಹೇಳಿದಳು, ನಾನು ಕೇಳಿ ಕೇಳಿ ನಕ್ಕೆ.

ಹೊಸ ಸಾಹೇಬರಿಗೂ ಉದ್ದನೆಯ ತೀರ್ಪು ಬರೆಸಲು ಮಾತ್ರ ಸ್ಟೆನೋ ಬೇಕಿತ್ತು. ‘ಟೈಪ್ ಮಾಡ್ತಾ ಯೋಚನೆ ಮಾಡೋಕೆ ಆಗಲ್ಲರೀ’ ಎನ್ನುತ್ತಿದ್ದರು. ನಾನು ಚೇಂಬರಿಗೆ ಹೋಗಿ ಬರುವುದನ್ನು ಹೆಂಡತಿ ಈಗ ನೋಡತೊಡಗಿದಳು. ಒಂದು ಮುಂಜಾನೆ ಚಹಾದ ಜೊತೆ ಕೇಳಿದಳು:

“ನನಗ ಶಾರ್ಟ್‌ಹ್ಯಾಂಡ್ ಕಲಿಸ್ರಿ. ಪರೀಕ್ಷಾ ಪಾಸಾದ್ರ ನಾನೂ ಸ್ಟೆನೋ ಆಗಬಹುದು.”

ನನಗೆ ಉಳಿದಿದ್ದದ್ದು ಅದೊಂದೇ. ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಆಕೆಗೆ ಕಲಿಸುವ ಜಾಗದಲ್ಲಿ ಮತ್ತೆ ಕೂರುವ ಆಸೆ ಅದಕ್ಕಿಂತ ದೊಡ್ಡದಿತ್ತು. “ಪೆನ್ಸಿಲ್ ಕೆತ್ತಿಕೊಂಡು ಬಾ,” ಎಂದೆ.

ದಿನಾ ಬಸ್ಸಿಗೆ ಮೊದಲು ಪಾಠ. ತೆಳು ಗೀಟು, ದಪ್ಪ ಗೀಟು, ಬಾಗು, ಸುತ್ತು. ನಾನು ಬೇಕೆಂದೇ ವೇಗವಾಗಿ ಓದುತ್ತಿದ್ದೆ. ಆಕೆ ತುಟಿ ಕಚ್ಚಿಕೊಂಡು ಬೆನ್ನಟ್ಟುತ್ತಿದ್ದಳು. ಹಿಂದೆ ಬಿದ್ದರೆ ನನಗೆ ಸಮಾಧಾನ. ಬರಬರುತ್ತ ಹಿಂದೆ ಬೀಳುವುದು ಕಡಿಮೆಯಾಯಿತು. ಪರೀಕ್ಷೆಯೂ ಆಯಿತು, ಸ್ಟೆನೋ ಹುದ್ದೆಯೂ ಬಂತು, ಮುಂಡಗೋಡಿನ ಕೋರ್ಟಿಗೆ. ಅಲ್ಲಿ ಒಂದು ಖೋಲಿ ಹಿಡಿದು ಶನಿವಾರ ಮನೆಗೆ ಬರತೊಡಗಿದಳು.

ಅಲ್ಲಿಯ ಸಾಹೇಬರು ಹಿರಿಯರಂತೆ, ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರಂತೆ. ಎಲ್ಲವನ್ನೂ ಬಾಯಿಂದಲೇ ಬರೆಸುತ್ತಿದ್ದರು. ‘ಎಂಥಾ ಕನ್ನಡ ಅಂತೀರಿ, ಒಂದು ಶಬ್ದ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ’ ಎಂದು ಆಕೆ ಶನಿವಾರ ಊಟ ಬಡಿಸುತ್ತ ಹೇಳುವಾಗ ನಾನು ಇನ್ನೊಂದು ರೊಟ್ಟಿ ಕೇಳುತ್ತಿದ್ದೆ. ಅಂಥವರು ನನ್ನ ಕಾಲದಲ್ಲಿ ಹಳಿಯಾಳಕ್ಕೆ ಯಾಕೆ ಬರಲಿಲ್ಲ?

ಒಂದು ಮಧ್ಯಾಹ್ನ ನಮ್ಮ ಆಫೀಸಿಗೆ ನನಗೊಂದು ಫೋನು ಬಂತು. ಮುಂಡಗೋಡಿನಿಂದ ಆಕೆ. ದನಿ ತಗ್ಗಿಸಿದ್ದಳು.

“ಮುಂಜಾನೆ ಬರೆದಿದ್ದು ಒಂದು ಶಬ್ದ ಓದಾಕ ಬರವಲ್ದು. ಸಾಹೇಬ್ರನ್ನ ಕೇಳಾಕ ನಾಚಿಕಿ ಆಗ್ತೈತಿ. ಸಣ್ಣ ಸುತ್ತು, ಅದಕ್ಕ ಹತ್ತಿ ಅಡ್ಡ ಬಾಗು, ಆಮೇಲೆ ಕೆಳಗ ಒಂದು ಗೀಟು. ಸಂಚು ಅಂತಿರಬಹುದೇನು?”

ಕಣ್ಣು ಮುಚ್ಚಿದೆ. ಆಕೆಯ ಕೈ ಹೇಗೆ ಓಡುತ್ತದೆಂದು ನನಗೆ ಗೊತ್ತಿತ್ತು.

“ಕೆಳಗಿನ ಗೀಟು ನೆಟ್ಟಗೈತೋ, ಬಾಗೈತೋ?”

“ಬಾಗಿದಂಗೈತಿ.”

“ತುದಿಗೆ ಮ್ಯಾಲ ಹೋಗೂದು ಒಂದು ಸಣ್ಣ ಗೀಟು ಐತೇನು ನೋಡು.”

ಕಾಗದ ಸರಿದ ಸಪ್ಪಳ. “ಹೌದ್ರೀ, ಐತಿ.”

“ಹಂಗಾರ ಸಂಚು ಅಲ್ಲ. ಸಂಶಯ.”

ಆಕೆ ಉಸಿರು ಬಿಟ್ಟದ್ದು ಕೇಳಿಸಿತು. ಸಂಚು ಎಂದು ಬರೆದಿದ್ದರೆ ಏನಾಗುತ್ತಿತ್ತೋ. ನನ್ನ ಮೈಯಲ್ಲಿ ಹಳೆಯ ಬಿಸಿ ಓಡಾಡಿತು. ಯಾರ ಕೇಸು, ಏನು ಮಾಡಿದ್ದರು, ಆ ಸಾಹೇಬರು ಆ ಶಬ್ದವನ್ನು ಯಾವ ವಾಕ್ಯದೊಳಗೆ ಇಟ್ಟಿದ್ದರು?

“ಸಂಶಯದ ಲಾಭ ಅಂತ ಐತೇನು ಮುಂದ? ಬಿಟ್ಟಾರೇನು ಆರೋಪೀನ?” ಎಂದೆ.

“ಅದನ್ನ ಹೇಳಾಂಗಿಲ್ಲ. ತೀರ್ಪು ಇನ್ನೂ ಓದಿಲ್ಲ.”

“ನನ್ನ ಮುಂದನೂ?”

“ನಿಮ್ಮ ಮುಂದನೂ,” ಎಂದಳು ಆಕೆ. “ಸಾಹೇಬ್ರು ಗಂಟಿ ಬಾರಿಸಾಕತ್ತಾರ. ಇಡ್ತೇನಿ.”

ಫೋನು ಇಟ್ಟಳು. ನಾನು ರಿಸೀವರ್ ಇಟ್ಟು ನಕಲು ವಿಭಾಗದ ಕುರ್ಚಿಗೆ ಮರಳಿದೆ. ಮುಂಡಗೋಡಿನಲ್ಲಿ ಈಗ ಆಕೆ ಪೆನ್ಸಿಲ್ ತೆಗೆದುಕೊಂಡು ಒಳಗೆ ಹೋಗುತ್ತಿರಬೇಕು, ಆ ಹಿರಿಯರು ಗಂಟಲು ಸರಿಮಾಡಿಕೊಂಡು ಮುಂದಿನ ವಾಕ್ಯ ಶುರು ಮಾಡುತ್ತಿರಬೇಕು.